ಪಿಗ್ರೋನೆ ಎಂಬ ಹೆಸರು

2023ರಲ್ಲಿ ನಾನು ವಿಜಯಪುರದ ಇಬ್ರಾಹಿಂಪುರದಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ, ಇಟಲಿಗೆ ಕೆಲಸಕ್ಕೆ ಹೋಗಬಯಸುವ ನರ್ಸಿಂಗ್ ಹುಡುಗಿಯರಿಗೆ ಇಟಾಲಿಯನ್ ಹೇಳಿಕೊಡುತ್ತಿದ್ದೆ. ಕಾನ್ವೆಂಟಿನಲ್ಲಿ ಇಟಲಿಯ ಸಿಸ್ಟರ್ ಒಬ್ಬರಿಂದ ಕಲಿತ ಭಾಷೆ. ಗೃಹಿಣಿಯಾದ ನನಗಿದ್ದ ಉದ್ಯೋಗ ಇದೊಂದೇ.

ಆ ದಿನ ಮನೆಮಂದಿಯ ಸ್ವಭಾವ ವರ್ಣಿಸುವ ಪಾಠ. ಮನೆ ಬಿಟ್ಟು ಕದಲದವನು 'ಪಾಂತೊಫೊಲಾಯೊ'; ಪಾಂತೊಫೊಲಾ ಎಂದರೆ ಮನೆಯೊಳಗೆ ಮೆಟ್ಟುವ ಚಪ್ಪಲಿ. ಸೋಮಾರಿಗೆ 'ಪಿಗ್ರೊ'. ನಮ್ಮ 'ಮೈಗಳ್ಳ'ನಂತೆ ಬಾಯಿತುಂಬ ಅನ್ನಬೇಕೆಂದರೆ 'ಪಿಗ್ರೋನೆ'.

ನಿಡೋಣಿಯ ಶೋಭಾ ಎದ್ದು, ತನ್ನಪ್ಪ ಪಿಗ್ರೋನೆ ಎಂದು ಇಟಾಲಿಯನ್‌ನಲ್ಲೇ ಹೇಳಿದಳು. "ದ್ರಾಕ್ಷಿ ತ್ವಾಟಕ್ಕ ಎಲ್ಲಾರಿಗಿಂತ ಮೊದಲ ಹೋಗಾಂವ, ಮಿಸ್. ಈಗ ಮನಿ ಮುಂದಿನ ಕಟ್ಟಿ ಬಿಟ್ಟು ಏಳಂಗಿಲ್ಲ. ಅವ್ವ ದಿನಾ ಬೈತಾಳ." ಎಲ್ಲರೂ ನಕ್ಕರು. ನಾನೂ ನಕ್ಕು, ಅವಳ ಉಚ್ಚಾರ ತಿದ್ದಿ ಕೂರಿಸಿದೆ.

ಮುಂದಿನ ಶನಿವಾರ ಆ ಅಪ್ಪನೇ ಒಣದ್ರಾಕ್ಷಿ ಚೀಲ ಹಿಡಿದು ಮಗಳ ಜೊತೆ ಬಂದರು. ಹನ್ನೆರಡು ಮೆಟ್ಟಿಲು ಏರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತರು.

"ಪಿಗ್ರೋನೆ ಬಂದಾನ್ರಿ, ಅಕ್ಕಾರ," ಎಂದರು, ಏದುಸಿರು ಬಿಡುತ್ತ. "ಮಗಳು ನನಗ ಇಟಲಿ ಹೆಸರ ಇಟ್ಟಾಳ. ಊರಾಗ ಎಲ್ಲಾರಿಗೂ ಹೇಳೇನಿ."

"ಅರ್ಥ ಹೇಳ್ಯಾಳೇನ್ರಿ?"

"ದೊಡ್ಡಸ್ತಿಕಿ ಮಂದಿಗೆ ಅಂತಾರಂತ."

ಶೋಭಾ ಓಡ್ನಿಯಲ್ಲಿ ನಗು ಮುಚ್ಚಿಕೊಂಡಳು. ನಾನು ಒಣದ್ರಾಕ್ಷಿ ಚೀಲ ಇಸಿದುಕೊಂಡೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಅವರ ಪಾದದ ಮೇಲೆ ಪಟ್ಟಿಯ ಗುರುತು ಬೆರಳಾಳ ಇಳಿದು ಹಾಗೇ ಉಳಿದಿತ್ತು. ಅದು ಕಣ್ಣಿಗೆ ಬಿತ್ತು. "ಚಪ್ಪಲಿ ಬಿಗಿ ಆಗ್ಯಾವ, ಬ್ಯಾರೆ ತಗೋರಿ," ಎಂದು ಚಹಾ ಕೊಟ್ಟು ಕಳಿಸಿದೆ.

ಮೂರು ವಾರಕ್ಕೆ ಅವರು ತೀರಿಕೊಂಡರು. ಹೃದಯ ತಿಂಗಳುಗಟ್ಟಲೆ ಹಿಂದೆಯೇ ಸೋತಿತ್ತು, ಅದಕ್ಕೇ ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೂ ಉಸಿರು ಸಾಲುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ನಿಡೋಣಿಗೆ ಹೋದೆ. ಶೋಭಾ ಅಳುತ್ತಿರಲಿಲ್ಲ.

"ನರ್ಸ್ ಆಗಾಕ ಹೊಂಟಾಕಿ ನಾ. ಅಪ್ಪನ ಕಾಲ ನೋಡಲಿಲ್ಲ," ಎಂದಳು. "ಮಿಸ್, ದಣಿದವರಿಗೆ ಏನ ಅಂತಾರ?"

"ಸ್ತಾಂಕೊ."

"ಅದನ್ಯಾಕ ಮೊದಲ ಕಲಿಸಲಿಲ್ರಿ?"

ಆ ಶಬ್ದ ಮುಂದಿನ ಪುಟದಲ್ಲಿತ್ತು.

ಶೋಭಾ ಮತ್ತೆ ಪಾಠಕ್ಕೆ ಬರಲಿಲ್ಲ. ಉಳಿದವರಿಗೆ ಇಂದಿಗೂ ಕಲಿಸುತ್ತಿದ್ದೇನೆ. ಯಾರಾದರೂ ತಮ್ಮ ಮನೆಯವರನ್ನು ಪಿಗ್ರೊ ಎಂದರೆ ಲಿಂಗ, ವಚನ, ಉಚ್ಚಾರ ಆಮೇಲೆ ತಿದ್ದುತ್ತೇನೆ. ಮೊದಲು ಕೇಳುವುದು ಒಂದೇ: "ಯಾವಾಗಿನಿಂದ ಹಂಗದಾರ?"