ಟೊಂಕನೋವಿನ ಪೇಟಿ ಮಾಸ್ತರ

ಅಕ್ಕಿಆಲೂರಿನ ಹಾರ್ಮೋನಿಯಂ ಪೇಟಿ ಮಾಸ್ತರ ಎಂದರೆ ನಾನೇ. ಬೇರೆಯವರು ಬಣ್ಣಿಸಿದರೆ ಕಡಿಮೆ ಹೇಳಿಯಾರೆಂದು ಈ ಮೂವತ್ತೆಂಟನೇ ಇಸವಿಯಲ್ಲಿ ನಾನೇ ಬರೆಯುತ್ತಿದ್ದೇನೆ. ನಾಟಕ ಕಂಪನಿಯ ಡೇರೆಯ ಹಿಂದೆ ನಿಂತು, ಗುರುವಿನ ಮುಖ ಕಾಣದೆ ಕಲಿತ ವಿದ್ಯೆ ನನ್ನದು. ಅದರಿಂದ ಹಳೆಯ ನೋವು ಇಳಿಯುತ್ತದೆಂದು ಊರಿಗೆಲ್ಲ ಸಾರಿದವನೂ ನಾನೇ. ಎತ್ತಿನ ಹೆಗಲಿಗೆ ನೊಗವಿಡದ ಸೋಮವಾರ, ಭತ್ತ ಕುಟ್ಟಿ ಟೊಂಕ ಹಿಡಿದ ಹೆಂಗಸರು ನನ್ನ ಪಡಸಾಲೆಗೆ ಬಂದು ಕೂರುತ್ತಾರೆ. ಮೊಣಕಾಲಿಗೆ ಕೆಳಗಿನ ಸ್ವರ, ಕುತ್ತಿಗೆಗೆ ಮೇಲಿನ ಸ್ವರ ಎಂದು ಗಂಭೀರವಾಗಿ ಹೇಳಿ ಬಾರಿಸುತ್ತೇನೆ. ಯಾರಾದರೂ ಕಣ್ಣು ಮುಚ್ಚಿದರೆ ಮೀಸೆ ತೀಡುತ್ತೇನೆ. ಅದು ಬರೀ ನಿದ್ದೆ ಎನ್ನುತ್ತಾಳೆ ನನ್ನ ಹೆಂಡತಿ. ಆಕೆಗೆ ಸಂಗೀತ ತಿಳಿಯದು. ಹತ್ತು ವರ್ಷದಿಂದ ಟೊಂಕ ನೋಯುವ ದಾನವ್ವನನ್ನು ಒಮ್ಮೆ ಕೇಳಿದೆ, "ಇಳೀತೇನವ್ವ?" "ನೋವು ಇದ್ದಲ್ಲೇ ಐತ್ರಿ ಮಾಸ್ತರ," ಎಂದಳು. "ಆದ್ರ ಕುಂತು ಕೇಳಿದ್ರ ಸೈರಿಸಾಕ ಬರ್ತೈತಿ. ಎತ್ತಿಗೆ ದಿನಾಪೂರ್ತಿ ಬಿಡುವು, ನಮಗ ನಿಮ್ಮ ಪೇಟಿ ನಿಲ್ಲೋತನಕ. ಒಂದೀಟು ಉದ್ದ ಬಾರಿಸ್ರಿ." ಎರಡು ದಿನ ನನಗೆ ಊಟ ಸೇರಲಿಲ್ಲ. ಮುಂದಿನ ವಾರ ಅವಳ ಅತ್ತೆಯೇ ಬಾಗಿಲಿಗೆ ಬಂದು, "ಮುಗೀತೇನ್ರಿ? ಮನ್ಯಾಗ ಒರಳು ಬಾಯಿ ತಕ್ಕೊಂಡು ಕುಂತೈತಿ," ಎಂದಳು. ದಾನವ್ವ ಏಳಲು ಹೊರಟಳು. ಬಾರಿಸುವುದನ್ನು ನಿಲ್ಲಿಸದೆ ಹೇಳಿದೆ, "ನಡುವ ಎದ್ರ ನೋವು ಎರಡು ಪಟ್ಟಾಗಿ, ಕರಿಯಾಕ ಬಂದವರಿಗೆ ಹತ್ತತೈತ್ರಿ. ನೀವೂ ಕುಂದರ್ರಿ." ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತ ಅತ್ತೆಗೆ ದಾನವ್ವ ಸರಿದು ಜಾಗ ಕೊಟ್ಟಳು.