ಮೊದಲ ಪಂಕ್ತಿಯ ವಾದ್ಯದವರು

ನನ್ನ ಹೆಂಡತಿ ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಮಡಚಿ ತಂದಿದ್ದ ಹಸಿರು ಮಖಮಲ್ಲಿನ ಪರದೆಯೊಂದು ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿನ ಕಿಟಕಿಯಲ್ಲಿ ವರ್ಷಗಟ್ಟಲೆ ಮರಳುಧೂಳು ಕುಡಿಯುತ್ತ ತೂಗಾಡಿ, ಕೊನೆಗೆ ಒಂದು ಶುಕ್ರವಾರದ ಮಟ್ಟಿಗೆ ನನ್ನ ಹೆಗಲೇರಿ ರಾಜಕುಮಾರನ ನಿಲುವಂಗಿಯಾಯಿತೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಅವಳೂ ನಕ್ಕಳು. “ಸಂಜೆ ಬರುವಾಗ ರಾಜ್ಯ ಹೋದರೂ ಅಡ್ಡಿಯಿಲ್ಲ, ಪರದೆ ವಾಪಸ್ ಬರಬೇಕು” ಎಂದು ತಾಕೀತು ಮಾಡಿ ಕಳಿಸಿದಳು.

ತೊಂಬತ್ತರ ದಶಕದ ದೋಹಾ ಅದು. ವೆಸ್ಟ್ ಬೇಯಲ್ಲಿ ಈಗಿನ ಗೋಪುರಗಳಿರಲಿಲ್ಲ. ಸಮುದ್ರ, ಬಯಲು, ನಡುವೆ ಬಿಳಿಯರ ಬಂಗಲೆಗಳಿದ್ದ ಒಂದೆರಡು ಕಾಂಪೌಂಡುಗಳು. ಅಂಥದೊಂದರ ಅಂಗಳದಲ್ಲಿ ನಮ್ಮ ಕಂಪನಿಯ ಇಂಗ್ಲಿಷ್ ಮ್ಯಾನೇಜರರೂ ಅವರ ಗೆಳೆಯರೂ ಪ್ರತಿ ಚಳಿಗಾಲದಲ್ಲಿ ಒಂದು ಮೇಳ ನಡೆಸುತ್ತಿದ್ದರು. ನಾಲ್ಕೈದು ಶತಮಾನಗಳ ಹಿಂದಿನ, ಪುಸ್ತಕಗಳು ಪುನರುಜ್ಜೀವನ ಕಾಲ ಎಂದು ಕರೆಯುವ ಯುರೋಪನ್ನು ಒಂದು ಹಗಲು ಬದುಕಿಸುವ ಹುಚ್ಚು ಅದು. ಎಂಜಿನಿಯರುಗಳು ಚರ್ಮದ ಟೋಪಿ ಹಾಕುತ್ತಿದ್ದರು, ನರ್ಸುಗಳು ನೆಲ ಗುಡಿಸುವ ಲಂಗ ತೊಡುತ್ತಿದ್ದರು. ಆ ವರ್ಷ ಮೊದಲ ಸಲ ನಮ್ಮನ್ನೂ ಕೆಲಸಕ್ಕೆ ಕರೆದಿದ್ದರು. ಸ್ಟೋರ್‌ಕೀಪರನಾದ ನಾನು ಡೇರೆ, ಕುರ್ಚಿ ಸಾಗಿಸುವವನು, ವೇಷದ ಆಸೆಗೆ ಪರದೆ ಹೊದ್ದವನು. ಎಲೆಕ್ಟ್ರಿಷಿಯನ್ ದೇವಪ್ಪಣ್ಣ ಜನರೇಟರ್ ನೋಡಿಕೊಳ್ಳುವವನು. ಆತ ನಮ್ಮ ಕರಾವಳಿಯವನೇ, ನನಗಿಂತ ಎರಡು ವರ್ಷ ಹಿರಿಯ. ಪಾಸ್‌ಪೋರ್ಟಿನಲ್ಲಿ ಬರೀ ದೇವಪ್ಪ ಕೆ. ಎಂದಿತ್ತು. ಮನೆತನದ ಸುದ್ದಿ ಎತ್ತಿದರೆ “ಖಲಾಸ್, ಊರಿನ ಪುರಾಣ ಯಾಕೆ ಈಗ?” ಎಂದು ಇಕ್ಕಳ ಹಿಡಿದು ಎದ್ದು ಹೋಗುತ್ತಿದ್ದ.

ಆ ಮೇಳದ ಸಂಗೀತಕ್ಕೆ ನಾನು ಮರುಳಾದೆ ಎಂದರೆ ಸಾಲದು, ಬಿದ್ದೇ ಹೋದೆ. ವಾದ್ಯವಿಲ್ಲದೆ ಐದಾರು ಮಂದಿ ಹಾಡುವ ಮ್ಯಾಡ್ರಿಗಲ್ ಎಂಬುದೊಂದಿತ್ತು. ಒಬ್ಬಳು ಸಾಲು ಎತ್ತಿಕೊಂಡು ಅರ್ಧ ದಾರಿ ಹೋಗುವಷ್ಟರಲ್ಲಿ ಇನ್ನೊಬ್ಬ ಅದೇ ಸಾಲನ್ನು ಹಿಂದಿನಿಂದ ಹಿಡಿಯುತ್ತಾನೆ, ಮೂರನೆಯವಳು ಅಡ್ಡ ಹಾಯುತ್ತಾಳೆ, ಆದರೂ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕತಂಗಿಯರು ಸೇರಿದಾಗ ಎಲ್ಲರೂ ಒಟ್ಟಿಗೆ ಮಾತನಾಡಿಯೂ ಎಲ್ಲರಿಗೂ ಎಲ್ಲವೂ ಕೇಳಿಸುತ್ತದಲ್ಲ, ಥೇಟ್ ಹಾಗೆಯೇ. ಹಿಡಿಕೆ ತಿರುಗಿಸಿದರೆ ಒಳಗಿನ ಚಕ್ರ ತಂತಿಗಳನ್ನು ತೀಡಿ ಗುಂಯ್ ಎನ್ನುವ ಹರ್ಡಿಗರ್ಡಿಯೆಂಬ ವಿಚಿತ್ರ ಪೆಟ್ಟಿಗೆಯೂ ಇತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ಅಕಾರಣ ನಗು. ಹೆಂಡದಂಗಡಿಯ ಹಾಡುಗಳನ್ನು ದಾಳಿಂಬೆ ರಸದ ಲೋಟ ಕುಟ್ಟಿ ಹಾಡುತ್ತಿದ್ದರು, ಆದರೂ ಅಮಲಿಗೇನೂ ಕೊರತೆಯಿರಲಿಲ್ಲ. ನಾವಿಕರ ಹಾಡುಗಳಂತೂ ಆ ಕಾಲದವೇ ಅಲ್ಲವಂತೆ, ಎಷ್ಟೋ ಈಚಿನವಂತೆ. ಹಾಗೆಂದು ಮೇಳದ ಹಿರಿಯ ವಾದಕರು, ಒಬ್ಬ ಸಂಗೀತದ ಮೇಷ್ಟ್ರು, ಕಣ್ಣು ಮಿಟುಕಿಸಿ ನನಗೆ ಹೇಳಿದರು. ಇತಿಹಾಸ ತಕರಾರು ಮಾಡೀತು, ಕಿವಿ ಮಾಡುವುದಿಲ್ಲ. ನಾವು ದೂರದ ಊರಿಗಾಗಿ ಹಂಬಲಿಸುತ್ತಿದ್ದೆವು. ಇವರೋ, ಟಿಕೆಟ್ ತೆಗೆದುಕೊಂಡು ಹೋಗಲಾಗದ ಕಾಲವೊಂದಕ್ಕಾಗಿ. ಹಾಗೆ ನೋಡಿದರೆ ಅವರ ಕಷ್ಟವೇ ದೊಡ್ಡದು ಎನಿಸಿ ನನಗೆ ಅವರ ಮೇಲೆ ಅಕ್ಕರೆ ಬಂತು.

ಲ್ಯೂಟ್ ಎಂಬ ಹೊಟ್ಟೆಯುಬ್ಬಿದ ತಂತಿವಾದ್ಯ ನುಡಿಯತೊಡಗಿದಾಗ ದೇವಪ್ಪಣ್ಣ ಜನರೇಟರನ್ನು ಯಾರೂ ಕೇಳದೆಯೇ ಗೋಡೆಯಾಚೆ ಎಳೆದೊಯ್ದ. “ಈ ಗಲಾಟೆಯಲ್ಲಿ ಎಂತ ಕೇಳ್ತದೆ ಮಾರಾಯ್ರೆ? ಪಾಪ, ಅದರ ಎರಡನೇ ತಂತಿಯ ಶ್ರುತಿ ಬೇರೆ ಇಳಿದಿದೆ,” ಎಂದ. ನನ್ನ ಕಿವಿಗೆ ತಂತಿಯೂ ಇಳಿದಿರಲಿಲ್ಲ, ಆತನ ಮಾತೂ ಇಳಿಯಲಿಲ್ಲ. ಎಂಥ ಪೆದ್ದ ನಾನು!

ಮಧ್ಯಾಹ್ನಕ್ಕೆ ಮೆರವಣಿಗೆ ಹೊರಟಿತು. ಮುಂದೆ ಡೋಲು, ಅದರ ಬೆನ್ನಿಗೆ ಶಾಮ್ ಎಂಬ ಮರದ ಉದ್ದ ಕೊಳವೆಗಳು. ಅವುಗಳ ಮೊದಲ ಸ್ವರ ಗಾಳಿ ಸೀಳಿ ಬಂತು ನೋಡಿ, ಅಯ್ಯೋ, ನನ್ನ ಮೈಯೆಲ್ಲ ಜುಮ್ಮೆಂದಿತು! ನಮ್ಮ ನಾಗಸ್ವರದ್ದೇ ದನಿ. ಆ ದನಿ ಬಂತೆಂದರೆ ಹಿಂದೆಯೇ ದೇವರು ಬರುತ್ತದೆ ಎಂಬುದು ನಮ್ಮ ಕಾಲುಗಳಿಗೆ ಎಳವೆಯಿಂದಲೇ ಗೊತ್ತಲ್ಲ. ನೋಡನೋಡುತ್ತಿದ್ದಂತೆ ನಾನು ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದೆ. ಎದುರಿಗೆ ಬಂದದ್ದು ಹಂದಿಯ ಮುಖವಾಡ ತೊಟ್ಟ ಒಬ್ಬ ಬ್ಯಾಂಕ್ ಅಧಿಕಾರಿ. ನಾಚಿಕೆಯಿಂದ ಪಕ್ಕಕ್ಕೆ ತಿರುಗಿದರೆ ದೇವಪ್ಪಣ್ಣನೂ ಬರಿಗಾಲಲ್ಲಿ ನಿಂತಿದ್ದ. ಆದರೆ ಆತ ಕೈಮುಗಿದಿರಲಿಲ್ಲ. ಡೇರೆಯ ಕಂಬದ ಮೇಲೆ ಆತನ ಬೆರಳುಗಳು ಇಲ್ಲದ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು.

“ದೇವಪ್ಪಣ್ಣ, ನೀವು ವಾದ್ಯ ಊದ್ತೀರಾ?” ಎಂದೆ. ಆತ ಬೆರಳುಗಳನ್ನು ಕಿಸೆಗೆ ತುರುಕಿದ.

“ಮೆಲ್ಲ ಮಾತಾಡಿ. ನಮ್ಮದು ವಾದ್ಯದವರ ಮನೆ. ಇಲ್ಲಿ ಯಾರಿಗೂ ಗೊತ್ತಿಲ್ಲ, ನನ್ನ ಮಗಳಿಗೂ ಗೊತ್ತಿಲ್ಲ. ಇಲ್ಲಿ ನನ್ನನ್ನು ಅಣ್ಣ ಅಂತ ಕರೀತಾರೆ. ಊರಲ್ಲಿ ಅಪ್ಪನನ್ನು ‘ಏಯ್ ವಾಲಗ’ ಅಂತ ಕರೀತಿದ್ರು.”

ಹನ್ನೊಂದು ವರ್ಷ ಕಷ್ಟಪಟ್ಟು ಕಾಪಾಡಿಕೊಂಡ ಒಂದು ‘ಅಣ್ಣ’ ಅದು. ಡೇರೆ ಕಟ್ಟಲು ಬಂದಿದ್ದ ನಮ್ಮೂರ ಕಡೆಯ ಏಳೆಂಟು ಮಂದಿ ಸುತ್ತಲೂ ಇದ್ದರು. ಅವರೆದುರು ಒಮ್ಮೆ ಕೊಳವೆಯನ್ನು ತುಟಿಗಿಟ್ಟರೆ ಅದು ಹೋದೀತೆಂಬ ಭಯ ಆತನ ಮುಖದಲ್ಲಿ ಎದ್ದು ಕಾಣುತ್ತಿತ್ತು. 

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಉದ್ದನೆಯ ಮೇಜು, ತುದಿಯಲ್ಲಿ ಎತ್ತರದ ಕುರ್ಚಿಗಳು. ಮ್ಯಾನೇಜರರು ಎದ್ದು ನಿಂತು, ವಾದ್ಯದವರು ಕೂತು ಉಣ್ಣತೊಡಗುವವರೆಗೆ ಯಾರೂ ರೊಟ್ಟಿ ಮುರಿಯುವಂತಿಲ್ಲ, ಇದು ಈ ಮೇಳದ ಕಟ್ಟಳೆ ಎಂದು ಸಾರಿದರು. ಆಮೇಲೆ ಸ್ವತಃ ಹೂಜಿ ಹಿಡಿದು ಡೋಲಿನವನ ಲೋಟಕ್ಕೆ ರಸ ಸುರಿದರು. ದೇವಪ್ಪಣ್ಣ ಅದನ್ನೇ ನೋಡುತ್ತ ನಿಂತ. ನೋಡುತ್ತಲೇ ಇದ್ದ. ಆಮೇಲೆ ಏನನಿಸಿತೋ, ನೆಟ್ಟಗೆ ಸಂಗೀತದ ಮೇಷ್ಟ್ರ ಬಳಿ ಹೋಗಿ ಎರಡೂ ಕೈ ಚಾಚಿದ. ಅವರು ಒಂದು ಮಾತೂ ಕೇಳದೆ ಕೊಳವೆಯ ಬಾಯಿಗೆ ಹೊಸ ಪೀಪಿ ಸಿಕ್ಕಿಸಿ ಕೊಟ್ಟರು.

ಮೊದಲ ಉಸಿರಿಗೆ ಅದು ಕೋಳಿಯಂತೆ ಕೂಗಿತು. ಮಕ್ಕಳು ಕಿಸಕ್ಕೆಂದರು, ನಮ್ಮವರಲ್ಲೊಬ್ಬ “ಯಲ್ಲಾ, ನಡೀಲಿ ದೇವಪ್ಪಣ್ಣ!” ಎಂದು ಕಿಚಾಯಿಸಿದ. ಆತ ಪೀಪಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಕಣ್ಣು ಮುಚ್ಚಿ, ಮತ್ತೆ ಊದಿದ. ತೂತುಗಳ ಅಳತೆ ಬೇರೆ, ಒಂದೆರಡು ಸ್ವರ ಜಾರಿದವು. ಆದರೂ ಬಂದದ್ದು ಮದುವೆಯ ಧಾರೆಯ ಹೊತ್ತಿನ ವಾದ್ಯವೇ. ಡೋಲಿನವನು ಬಾಯಲ್ಲಿದ್ದ ತುತ್ತು ನುಂಗಿ ಓಡಿಬಂದು ಮೆಲ್ಲಗೆ ಜತೆಗೂಡಿದ. ಕಿಚಾಯಿಸಿದವನು ಚಪ್ಪಲಿ ಕಳಚಿದ್ದನ್ನು ನಾನು ಕಂಡೆ. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮುಗಿದಾಗ ಮೇಷ್ಟ್ರು ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನಾನು ಸಂಭ್ರಮದಿಂದ ತಟ್ಟೆ ತುಂಬಿಕೊಂಡು ಓಡಿದೆ. “ದೇವಪ್ಪಣ್ಣ, ಇಂಥ ವಾದ್ಯ ನಮ್ಮ ಅಕ್ಕನ ಮದುವೆಯಲ್ಲಿ ಕೇಳಿದ್ದೇ ಕೊನೆ!” ಎಂದೆ.

ಆತ ತಟ್ಟೆಯಿಂದ ಕಣ್ಣೆತ್ತಿ ನಕ್ಕ. “ಅದು ನನ್ನ ಅಪ್ಪ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಿಡಿದು ಕೂತದ್ದು ನಾನು. ಮೂರು ಪಂಕ್ತಿ ಎದ್ದ ಮೇಲೆ ನಮಗೆ ಚಪ್ಪರದ ಹೊರಗೆ ಎಲೆ ಹಾಕಿದ್ರು. ನಿಮ್ಮ ಮನೆ ಯಾವುದು ಅಂತ ನೀವು ಹೇಳಿದ ದಿನವೇ ನಂಗೆ ಗೊತ್ತಾಗಿದೆ.”

ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಆ ಮದುವೆಯ ಎರಡು ಬಗೆಯ ಪಾಯಸ ನನಗೆ ಈಗಲೂ ನೆನಪಿದೆ. ಊದಿದವರ ಮುಖ ಮಾತ್ರ, ಎಷ್ಟು ತಡಕಾಡಿದರೂ ಸಿಗಲಿಲ್ಲ. ಅಂದು ನಾನು ಎಲ್ಲರಿಗೂ ಬಡಿಸಿದೆ, ಪಾತ್ರೆ ತೊಳೆಯುವವರಿಗೂ ಬಡಿಸಿದೆ. ಎಲ್ಲ ಎದ್ದ ಮೇಲೆ ಡೇರೆಯ ಹಿಂದೆ, ಆರಿದ ಸಾರು, ಗಟ್ಟಿಯಾದ ರೊಟ್ಟಿ ಹಿಡಿದು ಒಬ್ಬನೇ ಕೂತೆ. ಪ್ರಾಯಶ್ಚಿತ್ತವೆಂದು ದೊಡ್ಡ ಹೆಸರೇನೂ ಬೇಡ, ಮತ್ತೇನು ಮಾಡಬೇಕೆಂದು ತಿಳಿಯಲಿಲ್ಲ ಅಷ್ಟೆ.

ಹೆಜ್ಜೆ ಸಪ್ಪಳವಾಯಿತು. ದೇವಪ್ಪಣ್ಣ ಬಂದು ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ನಿಮ್ಮದು ಊಟ ಆಯ್ತಲ್ಲ?” ಎಂದೆ.

“ಆಗಿದೆ. ಆದ್ರೂ ಕೊನೆಗೆ ಉಣ್ಣುವವರ ಹತ್ತಿರ ಯಾರಾದ್ರೂ ಕೂತ್ಕೊಳ್ಬೇಕು ಮಾರಾಯ್ರೆ. ನನ್ನ ಅಪ್ಪನ ಹತ್ತಿರ ಯಾರೂ ಕೂತಿರ್ಲಿಲ್ಲ.”