ಮೆಟ್ಟಿಲು ತೊಳೆಯುವ ಸರದಿ

ಗ್ಲಾಸ್ಗೋದ ಹಳೆಯ ಕಲ್ಲುಕಟ್ಟಡದ ಎರಡನೇ ಮಹಡಿಯಲ್ಲಿ ಕೌನ್ಸಿಲ್ ಮನೆ, ಅಂದರೆ ನಗರಸಭೆಯ ಅಗ್ಗದ ಬಾಡಿಗೆ ಮನೆ, ಸಿಕ್ಕಾಗ ರೋನಾ ಕುಣಿದಾಡಬೇಕಿತ್ತು. ಗಂಡ ಕ್ರೇಗ್, ಎರಡು ವರ್ಷದ ಮಗಳು ಐಲಾ ಮತ್ತು ಅವಳು, ಮೂವರೂ ಮನೆಯಿಲ್ಲದವರ ವಸತಿಗೃಹದ ಒಂದೇ ಕೋಣೆಯಲ್ಲಿ ಎಂಟು ತಿಂಗಳು ಮೈ ಮುದುಡಿಕೊಂಡು ಬದುಕಿದ್ದರು. ಆದರೆ ಬೀಗದ ಕೈ ಕೊಟ್ಟ ಅಧಿಕಾರಿ ಒಂದು ಮಾತನ್ನೂ ಸೇರಿಸಿದ್ದ: "ಮೊದಲ ವರ್ಷ ಪರೀಕ್ಷೆ ಇದ್ದಂಗೆ. ನೆರೆಯವರಿಂದ ದೂರು ಬಂತೋ, ಮನೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ." ಅಂದಿನಿಂದ ರೋನಾಗೆ ಎಲ್ಲ ಬಾಗಿಲ ಹಿಂದೆಯೂ ದೂರು ಬರೆಯುವವರೇ ಕಾಣತೊಡಗಿದರು.

ಅದರಲ್ಲೂ ಎದುರುಮನೆಯ ಮಿಸೆಸ್ ಇಮ್ರಿ. ಎಪ್ಪತ್ತು ದಾಟಿದ ಒಂಟಿ ಮುದುಕಿ. ಐಲಾ ಒಮ್ಮೆ ಕಿರುಚಿದರೆ ಸಾಕು, ಆ ಬಾಗಿಲು ಬೆರಳಗಲ ತೆರೆಯುತ್ತಿತ್ತು.

"ಮಗು ಯಾಕಮ್ಮಾ ಅಷ್ಟು ಅಳುತ್ತೆ? ನಿನ್ನ ಗಂಡ ಬರೋದು ಎಷ್ಟೊತ್ತಿಗೆ?"

ಊರ ಉಸಾಬರಿಯೆಲ್ಲ ಇವಳಿಗೇಕೆ? ರೋನಾ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದಳು.

ಮೂರನೇ ವಾರ ಅವಳ ಬಾಗಿಲ ಹಿಡಿಗೆ ದಾರ ಕಟ್ಟಿದ ರಟ್ಟೊಂದು ನೇತಾಡುತ್ತಿತ್ತು: "ಮೆಟ್ಟಿಲು ತೊಳೆಯುವ ಸರದಿ ನಿಮ್ಮದು." ಇಂಥ ಹಳೆಯ ಕಟ್ಟಡಗಳಲ್ಲಿ ಆ ರಟ್ಟು ಮನೆಯಿಂದ ಮನೆಗೆ ಸುತ್ತುತ್ತದೆ, ತೊಳೆದವರು ಮುಂದಿನವರ ಬಾಗಿಲಿಗೆ ತೂಗುಹಾಕುತ್ತಾರೆ. ರೋನಾ ಬೆಳೆದದ್ದು ಇಪ್ಪತ್ತು ಮಹಡಿಯ ಗೋಪುರದಂಥ ಕಟ್ಟಡದಲ್ಲಿ, ಸಂಬಳದ ಆಳು ಒರೆಸುವ ಕಡೆ. ಅವಳಿಗೇನು ಗೊತ್ತು!

"ನೋಡಿದ್ಯಾ, ನಾವು ಕೊಳಕರು ಅಂತ ಬಾಗಿಲಿಗೇ ಬೋರ್ಡು ಹಾಕಿದಾಳೆ ಮುದುಕಿ!"

"ತೊಳೆದ್ಬಿಡೇ ಅತ್ಲಾಗೆ, ಗಂಟೇನು ಹೋಗುತ್ತೆ?" ಎಂದ ಕ್ರೇಗ್.

"ತೊಳೆದ್ರೆ ತಪ್ಪು ಒಪ್ಕೊಂಡಂಗೆ ಕಣೋ. ಇದು ಸಾಕ್ಷಿ, ಇರ್ಲಿ."

ರಟ್ಟು ಬಟ್ಟೆಯ ಕಪಾಟು ಸೇರಿತು. ರಟ್ಟು ಬಾರದೆ ಬೇರೆ ಯಾರೂ ಬಕೆಟ್ಟು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೆಸರು ಒಣಗಿತು, ನೆರೆಯವರ ಮುಖ ಗಂಟಾಯಿತು. ಅವರು ನೋಡಿದಷ್ಟೂ ಇವಳ ಅನುಮಾನ ಗಟ್ಟಿಯಾಯಿತು.

ಒಂದು ಗುರುವಾರ ಬೆಳಗ್ಗೆ ಹೊರಗೆ ಪರಪರ ಸದ್ದು. ಬಾಗಿಲು ತೆಗೆದರೆ ಮಿಸೆಸ್ ಇಮ್ರಿ ಮಂಡಿಯೂರಿ ಮೆಟ್ಟಿಲು ಉಜ್ಜುತ್ತಿದ್ದಳು.

"ಏನ್ರೀ ಇದು? ನಾಲ್ಕು ಜನರೆದುರು ನಮ್ಮ ಮಾನ ಕಳೆಯೋಕಾ?"

"ಸರದಿ ನಿನ್ನ ಹತ್ರಾನೇ ನಿಂತ್ಬಿಟ್ಟಿದೆ ಮಗಾ. ನನ್ನದು ಮುಗಿಸಿ ರಟ್ಟು ನಿನ್ನ ಬಾಗಿಲಿಗೆ ಹಾಕಿದ್ದೆ. ನೀನು ಕೆಳಗಿನವರಿಗೆ ದಾಟಿಸ್ಬೇಕಿತ್ತು."

ರೋನಾಳ ಕಿವಿ ಬಿಸಿಯಾಯಿತು. "ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಎರಡು ಸಲ ಬಾಗಿಲು ತಟ್ಟಿದೆ. ಒಳಗಿದ್ದೂ ತೆಗೀಲಿಲ್ಲ ನೀನು. ಇವತ್ತು ಮಧ್ಯಾಹ್ನ ಕೌನ್ಸಿಲ್‌ನೋರು ಮೆಟ್ಟಿಲು ನೋಡೋಕೆ ಬರ್ತಾರೆ, ಕೆಳಗೆ ನೋಟೀಸು ಅಂಟಿಸಿದಾರೆ. ಯಾರ ಸರದಿ ಅಂತ ಕೇಳೇ ಕೇಳ್ತಾರೆ."

"ಕೇಳಿದ್ರೆ ನಿಮಗೇನು?"

ಮುದುಕಿ ಉಜ್ಜುವುದನ್ನು ನಿಲ್ಲಿಸಿದಳು.

"ನಿನ್ನ ಮನೇಲಿ ಮುಂಚೆ ಒಬ್ಬಳಿದ್ಲು. ಎರಡು ಮಕ್ಕಳು. ಮೆಟ್ಟಿಲು ತೊಳೀತಿರ್ಲಿಲ್ಲ. ನಾನೇ ದೂರು ಬರೆದೆ. ನಾಲ್ಕು ಸಲ. ಕರೆದು ಬುದ್ಧಿ ಹೇಳ್ತಾರೆ ಅಂದ್ಕೊಂಡಿದ್ದೆ. ಮನೇನೇ ಬಿಡಿಸಿದ್ರು. ಆ ಮಕ್ಕಳು ಕಸದ ಚೀಲದಲ್ಲಿ ಬಟ್ಟೆ ತುಂಬ್ಕೊಂಡು ಇಲ್ಲೇ ಇಳಿದು ಹೋದ್ವು."

ರೋನಾಗೆ ಸಿಟ್ಟು ಬಂತು. ತಾನು ಅನುಮಾನಪಟ್ಟದ್ದು ಸುಳ್ಳಲ್ಲ. ಏಟು ತಿಂದವಳು ಮಾತ್ರ ತಾನಲ್ಲ, ಮುಂಚೆ ಇದ್ದವಳು.

"ಏಳಿ. ನಮ್ಮ ಸರದಿ ನಾನೇ ತೊಳೀತೀನಿ."

ಮುದುಕಿಗೆ ಏಳಲಾಗಲಿಲ್ಲ. ರೋನಾ ಕೈ ಕೊಟ್ಟು ಎತ್ತಿದಳು. ಎತ್ತಿದ ಮೇಲೂ ಆ ಒದ್ದೆ ಕೈ ಬಿಡಲಿಲ್ಲ.

"ಇನ್ಮೇಲೆ ಏನಿದ್ರೂ ನನಗೇ ಹೇಳಿ ಮಿಸೆಸ್ ಇಮ್ರಿ. ಬಾಗಿಲು ತೆಗೀತೀನಿ. ಬೇಕಾದ್ರೆ ಬೈಯಿರಿ. ಬರೀಬೇಡಿ ಅಷ್ಟೇ."